ಅರ್ಧ ಅಳತೆ ಮಾವ

ಹವ್ಯಾಸಿ ರೋಬೋಟ್ ಸ್ಪರ್ಧೆಗಳಿಗೆ ಆಟದ ಸಾಮಾನು ಮಾಡಿಕೊಡುವ ಈ ಮುದುಕ ಬಡಗಿಯನ್ನು ಎಲ್ಲರೂ ಕರೆಯುವುದು ‘ಅರ್ಧ ಅಳತೆ ಮಾವ’ ಎಂದೇ. ದೊಡ್ಡ ಸ್ಪರ್ಧೆಯ ರಿಂಗು, ಡಬ್ಬ, ಗೂಟಗಳನ್ನೆಲ್ಲ ಮನೆಯಲ್ಲಿ ಕಟ್ಟಿದ ಪುಟ್ಟ ರೋಬೋಟ್‌ಗಳಿಗೆ ಹೊಂದುವಂತೆ ಅರ್ಧಕ್ಕೆ ಇಳಿಸುವುದು ಅವನ ಕಸುಬು. ಈ ಚಟ ಎಷ್ಟು ತಲೆಗೇರಿದೆಯೆಂದರೆ, ಹೆಂಡತಿ ಸ್ಟೂಲು ಕೇಳಿದರೆ ಬೆಕ್ಕು ಕೂರುವಂಥದ್ದನ್ನು ತಂದಿಡುತ್ತಾನೆ. “ಹಾಗಾದ್ರೆ ಊಟಾನೂ ಅರ್ಧ ಬಡಿಸ್ಲಾ?” ಎಂದು ಅವಳು ಕೇಳಿದಾಗ ಮಾತ್ರ “ಅದು ಪೂರ್ತಿ ಅಳತೆ ಕಣೇ” ಎನ್ನುತ್ತಾನೆ. ರಿಂಗು ಕೂದಲೆಳೆಯಷ್ಟು ದಪ್ಪವಾದರೂ ಮತ್ತೆ ಸ್ಯಾಂಡ್‌ಪೇಪರ್ ಹಿಡಿದು ಕೂರುತ್ತಾನೆ. ಮುಗಿದ ಪ್ರತಿಯೊಂದು ರಿಂಗನ್ನೂ ಬಲಗೈಯಲ್ಲೇ ಎತ್ತಿ, ಗೂಟಕ್ಕೆ ಹತ್ತು ಸಲ ಹಾಕಿ ನೋಡದೆ ಯಾರಿಗೂ ಕೊಡುವವನಲ್ಲ. ಆ ಕೈಯಲ್ಲಿ ಹಿಂದೆ ಕೆಲಸಕ್ಕಿದ್ದ ಕಾರ್ಖಾನೆಯ ಗರಗಸ ಉಳಿಸಿಹೋದದ್ದು ಹೆಬ್ಬೆರಳು, ತೋರುಬೆರಳು ಎರಡೇ. ಮೊನ್ನೆ ಅಭ್ಯಾಸದ ಹೊತ್ತಿನಲ್ಲಿ ಒಂದು ರೋಬೋಟಿನ ಎರಡು ಬೆರಳಿನ ಇಕ್ಕಳ ಮೂರನೇ ಸಲವೂ ರಿಂಗನ್ನು ಬೀಳಿಸಿತು. ಅದನ್ನು ಕಟ್ಟಿದ ಹುಡುಗಿ “ಕೈಲಾಗದ ಮುಂಡೇದು” ಎಂದು ಅದಕ್ಕೆ ಬೈಯತೊಡಗಿದಳು. ಮಾವ ಬಗ್ಗಿ ರಿಂಗನ್ನು ಹೆಕ್ಕಿ ರೋಬೋಟಿನ ಮುಂದಿಟ್ಟ. “ಬೈಬೇಡಮ್ಮ. ಎರಡೇ ಬೆರಳಲ್ಲಿ ಎತ್ತೋದು ಕಲಿಯೋಕೆ ನನಗೇ ಒಂದು ವರ್ಷ ಬೇಕಾಯ್ತು.”