ಅಕ್ಕ ಚೀಪದ ಬಾಟಲಿ

ಹೋದ ವಾರ ನಾನು ಒಂದು ಕಂಪನಿಯನ್ನು ಮೋಸಗಾರರು ಎಂದು ಬೈದು ಇಮೇಲ್ ಕಳಿಸಿದೆ. ಅದೂ ಇಂಗ್ಲಿಷಿನಲ್ಲಿ. ಅದೂ ಸಿಟ್ಟಿನಲ್ಲಿ. ಬರೆದದ್ದನ್ನು ಇನ್ನೊಮ್ಮೆ ಓದದೆ.

ಕಾರಣ, ಒಂದು ನೀರಿನ ಬಾಟಲಿ.

ಉರುಕುಂದಮ್ಮ ನನ್ನ ದೊಡ್ಡಪ್ಪನ ಮಗಳು. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಪೆದ್ದಹರಿವಾಣಂನಲ್ಲಿ ಅವಳಿಗೂ ಭಾವ ಈರಣ್ಣನಿಗೂ ಕುರಿಗಳಿವೆ. ಭಾವನ ಮೊಣಕಾಲು ಕೈಕೊಟ್ಟ ಮೇಲೆ ಕುರಿಗಳ ಹಿಂದೆ ಹೋಗುವವಳು ಅಕ್ಕನೇ. ಬೆಳಿಗ್ಗೆ ಮನೆಯಿಂದ ಎರಡು ಬಾಟಲಿ ನೀರು ಒಯ್ಯುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಅದು ಖಾಲಿ. ಆಮೇಲೆ ಕುರಿ ಕುಡಿದಲ್ಲಿ ಅವಳೂ ಕುಡಿಯುತ್ತಾಳೆ. ಕಾಲುವೆ, ಹೊಂಡ, ಕಲ್ಲು ಒಡೆದ ಗುಂಡಿ, ಯಾವುದು ಹತ್ತಿರವೋ ಅದು.

ಒಂದೇ ವರ್ಷದಲ್ಲಿ ಅವಳಿಗೆ ಎರಡು ಸಲ ಟೈಫಾಯಿಡ್ ಬಂತು. ಎರಡನೇ ಸಲ ನಾನಿರುವ ಆದೋನಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದಳು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನನ್ನು ಬಾಗಿಲ ಹೊರಗೆ ಕರೆದರು. ಕರುಳು ಬಹಳ ಸೋತಿದೆ, ಮತ್ತೊಮ್ಮೆ ಬಂದರೆ ತೂತು ಬೀಳಬಹುದು, ಆಮೇಲೆ ಉಳಿಸುವುದು ಕಷ್ಟ, ನೀರಿನ ಕಡೆ ನೋಡಿಕೊಳ್ಳಿ ಎಂದರು.

ನೋಡಿಕೊಳ್ಳುವುದು ಹೇಗೆ? ಕುದಿಸಿ ಆರಿಸಿದ ನೀರು ಎಂದು ಹೇಳುವುದು ಸುಲಭ. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಕುರಿಗಳ ಹಿಂದೆ ನಡೆಯುವವಳು ಎಲ್ಲಿ ಒಲೆ ಹೂಡಬೇಕು? ಎಷ್ಟು ಕ್ಯಾನು ಹೊರಬೇಕು?

ಆಗ ಫೋನಿನಲ್ಲಿ ಕಂಡದ್ದು ಈ ಫಿಲ್ಟರ್ ಬಾಟಲಿ. ಮೆತ್ತನೆಯ ನೀಲಿ ಪ್ಲಾಸ್ಟಿಕ್ಕು. ಮುಚ್ಚಳದ ಕೆಳಗೆ ಒಂದು ಬಿಳಿ ಕೊಳವೆ ಜೋತುಬಿದ್ದಿರುತ್ತದೆ, ಫಿಲ್ಟರ್ ಇರುವುದು ಅದರಲ್ಲೇ. ಹೊಂಡದ ನೀರನ್ನೇ ತುಂಬಿಕೊಳ್ಳಿ, ಮುಚ್ಚಳ ತಿರುಗಿಸಿ, ಮೇಲಿನ ತುದಿಯನ್ನು ಬಾಯಿಗಿಟ್ಟು ಚೀಪಿ. ನೀರು ಕೊಳವೆ ದಾಟಿ ಬರುವಷ್ಟರಲ್ಲಿ ರೋಗದ ಕ್ರಿಮಿಗಳು ಹಿಂದೆಯೇ ಉಳಿಯುತ್ತವೆ. (ನೀರಿನಲ್ಲಿ ಕರಗಿದ ಉಪ್ಪು, ಫ್ಲೋರೈಡು ಹೋಗುವುದಿಲ್ಲ. ಅದನ್ನು ಬಹಳ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ, ಓದಿದ್ದೇನೆ.) ತರಿಸಿದೆ. ಊರಿಗೆ ಹೋಗಿ ಅಕ್ಕನ ಕೈಗಿಟ್ಟೆ. ದೊಡ್ಡ ಕೆಲಸ ಮಾಡಿದವಳ ಹಾಗೆ ಆದೋನಿಯ ಬಸ್ಸು ಹತ್ತಿದೆ.

ಒಂದು ತಿಂಗಳಾಗಿರಬೇಕು, ಭಾವನ ಫೋನು.

"ನಿಮ್ಮಕ್ಕಗ ಮತ್ತ ಮೈ ಬಿಸಿ ಆಗೈತಿ. ರಾತ್ರಿ ಚಳಿ ಚಳಿ ಅಂದ್ಲು. ಕರ್ಕೊಂಡು ಬರ್ಲೇನು?"

ಕೂಡಲೇ ಕರೆತರಲು ಹೇಳಿದೆ. ರಕ್ತ ಪರೀಕ್ಷೆಗೆ ಕೊಟ್ಟೆವು. ರಿಪೋರ್ಟ್ ಬರುವವರೆಗೆ ಲ್ಯಾಬಿನ ಬೆಂಚಿನ ಮೇಲೆ ಕುಳಿತೆವು. ಪುಣ್ಯ, ಈ ಸಲ ಟೈಫಾಯಿಡ್ ಅಲ್ಲ, ಬರೀ ಜ್ವರ. ನಾನು ಉಸಿರು ಬಿಡುತ್ತಿದ್ದಂತೆ ಅಕ್ಕ ಒಂದು ಮಾತು ಹೇಳಿದಳು.

"ಆ ನಿನ್ನ ಬಾಟ್ಲಿ ಏನು ಸೋಸ್ತೈತೋ ಏನೋ ತಂಗೀ. ನೀರು ಹಂಗ ಕಾಲುವಿ ವಾಸನಿ ಹೊಡೀತೈತಿ. ತಳದಾಗ ಕೆಸರು ನಿಂತಿರತೈತಿ."

ವಾಸನೆ? ಕೆಸರು? ಕಂಪನಿಗೆ ಇಮೇಲ್ ಹೋದದ್ದು ಅವತ್ತು ರಾತ್ರಿ. ಮರುದಿನ ಉತ್ತರವೂ ಬಂತು, ಬಹಳ ಸೌಮ್ಯವಾಗಿ. ದಯವಿಟ್ಟು ಬಾಟಲಿಯನ್ನು ಬಳಸುತ್ತಿರುವಾಗಿನ ಫೋಟೋ ಕಳಿಸಿಕೊಡಿ.

ಬಳಸುತ್ತಿರುವಾಗಿನ ಫೋಟೋ! ನನ್ನೊಳಗೆ ಸಣ್ಣಗೆ ಒಂದು ಅನುಮಾನ ಎದ್ದಿತು. ಬಾಟಲಿ ಕೊಟ್ಟ ದಿನ ಅದನ್ನು ಬಳಸುವುದು ಹೇಗೆಂದು ನಾನು ತೋರಿಸಿದ್ದೆನೇ?

ತೋರಿಸಿದ್ದೆ, ಚೆನ್ನಾಗಿ ನೆನಪಿದೆ. ಕಟ್ಟೆಯ ಮೇಲೆ ಕುಳಿತು ಚೀಪಿದ್ದು, ಎದುರಿಗಿದ್ದವರು ನಕ್ಕದ್ದು. ಆದರೆ 'ಚೆನ್ನಾಗಿ ನೆನಪಿದೆ' ಎಂಬ ಮಾತು ನನ್ನ ಬಾಯಿಂದ ಬಂದಾಗಲೆಲ್ಲ ನಾನು ಡೈರಿ ತೆರೆದು ನೋಡುತ್ತೇನೆ. (ಅನುಭವ ಕಲಿಸಿದ ಅಭ್ಯಾಸ.) ಆ ದಿನದ ಪುಟದಲ್ಲಿ ಇದ್ದದ್ದು ಇಷ್ಟೇ: 'ಅಕ್ಕನಿಗೆ ಬಾಟಲಿ ಕೊಟ್ಟೆ. ಬಣ್ಣ ಮೆಚ್ಚಿದಳು. ರೊಟ್ಟಿ, ಪುಂಡಿಪಲ್ಯ. ಬಸ್ಸು ತಪ್ಪುವುದರಲ್ಲಿತ್ತು.'

ಚೀಪಿದ್ದರ ಸುದ್ದಿಯೇ ಇಲ್ಲ! ಹಾಗಾದರೆ ನಕ್ಕವರು ಯಾರು? ನಮ್ಮ ಕಾಲೇಜಿನ ಸ್ಟಾಫ್ ರೂಮಿನವರೇ? ಬಾಟಲಿ ಕೈಗೆ ಬಂದ ದಿನ ಅಲ್ಲಿಯೂ ನಾನು ಇದೇ ಪ್ರದರ್ಶನ ಕೊಟ್ಟಿದ್ದೆ. ಅಲ್ಲಿನ ನಗುವನ್ನು ತಂದು ಅಕ್ಕನ ಮನೆಯ ಕಟ್ಟೆಯ ಮೇಲೆ ಕೂರಿಸಿದೆನೇ?

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಜ್ವರ ಬಿಟ್ಟು ಮೂರು ದಿನವೂ ಆಗಿಲ್ಲ, ಅಕ್ಕ ಆಗಲೇ ಕುರಿ ಹೊಡೆದುಕೊಂಡು ಹೋಗಿದ್ದಳು. ಕಾಲುವೆಯ ಪಕ್ಕ ಶೇಂಗಾ ಕಿತ್ತ ಹೊಲದಲ್ಲಿ ಕುರಿಗಳು ಮೇಯುತ್ತಿದ್ದವು. ಜಾಲಿಯ ನೆರಳಲ್ಲಿ ಅಕ್ಕ ಕುಳಿತಿದ್ದಳು. ಜೊತೆಗೆ ಗೋನೆಗಂಡ್ಲ ಕಡೆಯ, ತೆಲುಗು ಬೆರೆಸಿ ಮಾತಾಡುವ ಮುದುಕ ಮಲ್ಲಯ್ಯ ತಾತ. ಅವನ ಕುರಿಗಳೂ ಆ ಹೊಲದಲ್ಲೇ ಇದ್ದವು.

ನಾನು ಫೋನು ತೆಗೆದದ್ದೇ ತಡ, ತಾತ ರುಮಾಲು ಸರಿಮಾಡಿಕೊಂಡ.

"ಮೇಡಮ್ಮಾ, ನಂದೂ ಒಂದು ಫೋಟೋ ತೀಯಂಡಿ. ಹಲ್ಲಿಲ್ಲ. ಪರವಾಲೇದು ಗದಾ?"

"ನಿನ್ನ ಹಲ್ಲು ನೋಡಾಕ ಬಂದಿಲ್ಲ ತಾತ ಆಕಿ, ಬಾಟ್ಲಿ ನೋಡಾಕ ಬಂದಾಳ" ಎಂದಳು ಅಕ್ಕ. "ತಗೋ, ನೀರು ಕುಡಿ ನೀನು."

ಚೀಲದಿಂದ ನೀಲಿ ಬಾಟಲಿ ಹೊರಬಂತು. ಅದರ ಬಾಯಿಗೆ ಯಾವುದೋ ಹಳೆಯ ಬಿರಡೆ. ಅಕ್ಕ ಅದನ್ನು ತೆಗೆದಳು. ತಾತ ಮುಖ ಮೇಲೆತ್ತಿ ಬಾಯಿ ತೆರೆದ. ಅವಳು ಗೇಣು ಎತ್ತರದಿಂದ ಧಾರೆಯಾಗಿ ಸುರಿದಳು. ತುಟಿಗೆ ತಾಗಲಿಲ್ಲ, ಗದ್ದಕ್ಕೆ ಒಂದು ಹನಿ ಬೀಳಲಿಲ್ಲ. ಆಮೇಲೆ ತಾನೂ ಹಾಗೆಯೇ ಎತ್ತಿ ಗಟಗಟ ಕುಡಿಯಲು ಹೊರಟಳು.

ನಾನು ಕೈ ಹಿಡಿದೆ. "ಅಕ್ಕಾ, ಅದರ ಮುಚ್ಚಳ ಎಲ್ಲೈತಿ?"

ಅವಳು ಚೀಲದೊಳಗಿಂದ ಒಂದು ಕರ್ಚೀಫು ತೆಗೆದು ಬಿಚ್ಚಿದಳು. ಒಳಗೆ ಮುಚ್ಚಳ, ಅದಕ್ಕೆ ಅಂಟಿಕೊಂಡ ಫಿಲ್ಟರಿನ ಕೊಳವೆ. ಡಬ್ಬಿ ಒಡೆದ ದಿನದಷ್ಟೇ ಬೆಳ್ಳಗಿತ್ತು.

"ಹೊಲಸಾದೀತು ಅಂತ ಜ್ವಾಪಾನ ಇಟ್ಟೀನಿ" ಎಂದಳು.

ಕಂಪನಿ ಕೇಳಿದ ಫೋಟೋ ನನ್ನ ಕಣ್ಣೆದುರೇ ಇತ್ತು. ತೆಗೆಯಲು ಮುಖವಿರಲಿಲ್ಲ. (ಆಮೇಲೆ ಕ್ಷಮೆ ಕೇಳಿ ಇನ್ನೊಂದು ಇಮೇಲ್ ಬರೆದೆ. ಅದನ್ನು ಮೂರು ಸಲ ಓದಿದೆ.)

"ಅವತ್ತು ನಾನು ನಿನಗ ತೋರಿಸಿಲ್ಲೇನು?"

"ತೋರಿಸಿದ್ದಿ. ಮರಿ ಮೊಲಿ ಚೀಪಿದಂಗ ಚೀಪಿ ತೋರಿಸಿದ್ದಿ. ನಾನು, ನಿಮ್ಮ ಭಾವ ಬಿದ್ದು ಬಿದ್ದು ನಕ್ಕೀವಿ."

ಅಂದರೆ ನೆನಪು ಗೆದ್ದಿತ್ತು, ಡೈರಿ ಸೋತಿತ್ತು. ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ಮತ್ತ್ಯಾಕ ಚೀಪಲಿಲ್ಲ?"

"ಚೀಪಿದ್ರ ಎಂಜಲಾಗಂಗಿಲ್ಲೇನು? ತಾತ ಕೇಳ್ತಾನ, ಹತ್ತಿ ಬಿಡಿಸೋ ಹೆಣ್ಮಕ್ಕಳು ಬಂದು ಕೇಳ್ತಾರ. ನಾನು ಚೀಪಿದ್ದು ಅವ್ರ ಕೈಗೆ ಹೆಂಗ ಕೊಡ್ಲಿ?"

"ನೀರು ಸೋಸೋದೇ ಆ ಕೊಳವಿಯೊಳಗ, ಅಕ್ಕಾ!"

ಅಕ್ಕ ನಿಜಕ್ಕೂ ಬೆರಗಾದಳು. "ಹೌದಾ? ನಾನು ಬಾಟ್ಲಿನೇ ಸೋಸ್ತೈತಿ ಅಂದ್ಕೊಂಡೆ. ತಾಮ್ರದ ಕೊಡದಾಗ ಇಟ್ರ ನೀರು ಚಲೋ ಆಗಂಗಿಲ್ಲೇನು, ಹಂಗ. ಒಂದು ತಾಸು ನೆರಳಾಗ ಇಟ್ಟು ಆಮ್ಯಾಲ ಕುಡೀತಿದ್ದೆ. ಕೊಳವಿ ಚೀಪೋರಿಗೆ ಇರಬೇಕು ಅಂತ ಬಿಟ್ಟೆ."

ನೋಡಿ, ನಾನು ಹೇಗೆ ಕುಡಿಯಬೇಕೆಂದು ತೋರಿಸಿದ್ದೆ. ಎಲ್ಲಿ ಸೋಸುತ್ತದೆ ಎಂದು ಹೇಳಿರಲಿಲ್ಲ. ಅವಳ ತರ್ಕದಲ್ಲಿ ತಪ್ಪೇನಿದೆ? ತಾಮ್ರದ ಕೊಡ ಕಂಡವಳಿಗೆ ನೀಲಿ ಬಾಟಲಿಯೂ ಒಂದು ಕೊಡ.

ಬಾಟಲಿಯ ಡಬ್ಬಿಯ ಮೇಲೊಂದು ಚಿತ್ರವಿದೆ. ಹಿಮದ ಬೆಟ್ಟ, ಅದರ ತುದಿಯಲ್ಲಿ ಒಬ್ಬನೇ ಯುವಕ, ಕೈಯಲ್ಲಿ ಬಾಟಲಿ. ಅವನಿಗೇನು, ಆರಾಮಾಗಿ ಚೀಪಬಹುದು. ಅಲ್ಲಿ ಅವನ ಬಳಿ ನೀರು ಕೇಳುವವರು ಯಾರಿದ್ದಾರೆ? ನಮ್ಮ ಹೊಲಗಳಲ್ಲಿ ಬಾಟಲಿ ಇದ್ದವರ ಹತ್ತಿರ ಬಾಯಾರಿದವರು ಬಂದೇ ಬರುತ್ತಾರೆ, ಹೆಸರು ಕೂಡ ಹೇಳದೆ ಕೈ ಒಡ್ಡುತ್ತಾರೆ. ಇಲ್ಲಿ ಚೀಪುವುದೆಂದರೆ, ಈ ನೀರು ನನ್ನದು, ಆಚೆ ಹೋಗು ಎಂದಂತೆ. ಆ ಬಾಟಲಿ ಮಾಡಿದವರಿಗೆ ಇದು ಹೊಳೆದಿರಲಿಕ್ಕಿಲ್ಲ. ಕೊಂಡ ನನಗಾದರೂ ಹೊಳೆಯಬೇಡವೇ? ಇದೇ ಹೊಲಗಳ ಬದುವಿನಲ್ಲಿ ಹೀಗೆಯೇ ಎತ್ತಿ ಕುಡಿದು ಬೆಳೆದವಳಲ್ಲವೇ ನಾನೂ? ಈಗ ನನ್ನ ಬ್ಯಾಗಿನಲ್ಲಿ ಒಂದು ಸ್ಟೀಲಿನ ಬಾಟಲಿ ಇರುತ್ತದೆ, ಕಚ್ಚಿಯೇ ಕುಡಿಯುತ್ತೇನೆ. ಯಾರಿಗಾದರೂ ಕೊನೆಯ ಸಲ ನೀರು ಕೊಟ್ಟದ್ದು ಯಾವಾಗ? ಡೈರಿಯಲ್ಲೂ ಇಲ್ಲ, ತಲೆಯಲ್ಲೂ ಇಲ್ಲ.

"ಹಂಗಾದ್ರ ನಿನಗ ಇದು, ಅವ್ರಿಗೆ ಬ್ಯಾರೆ ಬಾಟ್ಲಿ ಇಟ್ಕೋ" ಎಂದೆ.

"ಚಂದ ಹೇಳ್ತಿ. ನಾನು ಸೋಸಿದ್ದು ಕುಡದು, ತಾತಗ ಹೊಲಸು ನೀರು ಕೊಡ್ಲೇನು?"

"ತಾತಗ ಎರಡು ಸಲ ಟೈಫಾಯಿಡ್ ಬಂದಿಲ್ಲಲ್ಲ!" ನನ್ನ ದನಿ ಏರಿತು. "ಇನ್ನೊಂದ್ಸಲ ಬಂದ್ರ ಕರುಳು ತೂತು ಬಿದ್ದು ಸಾಯ್ತಿ ಅಂದಾರ ಡಾಕ್ಟ್ರು. ಮರ್ತೀಯೇನು?"

ಅಕ್ಕ ಬಾಟಲಿ ಕೆಳಗಿಟ್ಟಳು.

"ಮರೀಲಿಕ್ಕೆ ನೀ ಯಾವಾಗ ಹೇಳಿದ್ದಿ?"

"ಆಸ್ಪತ್ರ್ಯಾಗ..."

"ಆಸ್ಪತ್ರ್ಯಾಗ ನೀ ಹೇಳಿದ್ದು, ಚಲೋ ನೀರು ಕುಡೀಬೇಕಂತ ಅಕ್ಕಾ, ಅಷ್ಟ. ಕರುಳಿಂದು ಹೇಳಿಲ್ಲ. ಇಂಥಾ ಮಾತು ಕೇಳಿದ್ರ ನಾನು ಮರೀತಿದ್ನೇನು?"

ನಾನು ಅವಳ ಮಂಚದ ಪಕ್ಕ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದ್ದೇನೆಂದೇ ಇಷ್ಟು ತಿಂಗಳು ನಂಬಿದ್ದೆ. ಅವಳ ಮುಖ ನೋಡಿದ ಮೇಲೆ ಡೈರಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಡಾಕ್ಟರು ಬಾಗಿಲ ಹೊರಗೆ ಹೇಳಿದ್ದನ್ನು ನಾನು ಬಾಗಿಲ ಹೊರಗೇ ಬಿಟ್ಟು ಒಳಗೆ ಹೋಗಿದ್ದೆ. ಅವಳು ಹೆದರಿಯಾಳು ಎಂದೇ? ಅಥವಾ ಹೇಳಲು ನನಗೇ ಹೆದರಿಕೆಯೇ? ಅದೂ ಈಗ ಸರಿಯಾಗಿ ನೆನಪಾಗುವುದಿಲ್ಲ.

ಮಲ್ಲಯ್ಯ ತಾತ ಏನೂ ಕೇಳಿಸದವನಂತೆ ಕುರಿಗಳ ಕಡೆ ನೋಡುತ್ತಿದ್ದ.

ಆಮೇಲೆ ಅಕ್ಕ ಕರ್ಚೀಫಿನಿಂದ ಮುಚ್ಚಳ ಎತ್ತಿಕೊಂಡಳು. ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಾಟಲಿಗೆ ಹಾಕಿ ಬಿಗಿ ಮಾಡಿದಳು. ಮೆತ್ತನೆಯ ಬಾಟಲಿಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು. ತುದಿಯಿಂದ ಒಂದು ಹನಿ ಜಿನುಗಿತು.

"ಇದಕ್ಕ ಬಾಯಿ ಯಾಕ ಬೇಕು?" ಎಂದಳು.

ಚೀಲದಿಂದ ಚೊಂಬು ತೆಗೆದು ಮೊಣಕಾಲ ನಡುವೆ ಇಟ್ಟುಕೊಂಡು ಬಾಟಲಿಯನ್ನು ತಲೆಕೆಳಗು ಮಾಡಿದಳು. ನಲವತ್ತು ವರ್ಷ ಕುರಿಯ ಕೆಚ್ಚಲು ಹಿಂಡಿದ ಕೈಗಳು. ಮೇಲಿನಿಂದ ಒತ್ತಿ, ಕೆಳಗೆ ಜಾರಿಸಿ, ಬಿಟ್ಟು, ಮತ್ತೆ ಒತ್ತಿ. ಸರ್ ಸರ್ ಎಂದು ತೆಳ್ಳನೆಯ ಧಾರೆ ಚೊಂಬಿಗೆ ಬೀಳತೊಡಗಿತು. ಕೆಂಪು ನೀರು ಒಳಗೆ, ತಿಳಿನೀರು ಹೊರಗೆ. ಬಳಸುವ ಕ್ರಮದ ಚೀಟಿಯಲ್ಲಿ ಈ ಕ್ರಮ ಇತ್ತೋ ಇಲ್ಲವೋ, ನಾನಂತೂ ಓದಿರಲಿಲ್ಲ.

"ಅಬ್ಬೋ, ಹಾಲು ಕೊಡೋ ಬಾಟ್ಲಿ ಇದು!" ತಾತ ಬೊಚ್ಚು ಬಾಯಿ ತೆರೆದು ನಕ್ಕ. "ಚೂಡಂಡಿ ಮೇಡಮ್ಮಾ, ಈಗ ತೀಯಂಡಿ ಫೋಟೋ!"

ನನ್ನ ಪ್ರಶ್ನೆಗಳು ಅಷ್ಟಕ್ಕೇ ನಿಲ್ಲುತ್ತವೆಯೇ? "ಅಕ್ಕಾ, ಚೊಂಬು ಯಾವ ನೀರಾಗ ತೊಳ್ದೀದಿ?"

"ಕಾಲುವಿ ನೀರಾಗ. ಏ ನಿನ್ನ! ಓದಿಸಿದ್ದೇ ತಪ್ಪಾತು ನಿನ್ನ" ಎನ್ನುತ್ತ ಹಿಂಡಿದ್ದನ್ನೆಲ್ಲ ಚೊಂಬಿನೊಳಗೆ ಆಡಿಸಿ ತೊಳೆದು ಚೆಲ್ಲಿ, ಮೊದಲಿನಿಂದ ಹಿಂಡಲು ಕುಳಿತಳು. ಬಹಳ ಹೊತ್ತು ಬೇಕಾಯಿತು. ಹಣೆಯ ಮೇಲೆ ಬೆವರು ಸಾಲಿಟ್ಟಿತು. ದಿನವೂ ಇಷ್ಟು ಹಿಂಡಲು ಪುರುಸೊತ್ತು ಇರುತ್ತದೆಯೇ? ಹತ್ತಿ ಬಿಡಿಸುವವರೆಲ್ಲ ಬಂದು ನಿಂತರೆ? ಕೇಳಬೇಕೆನಿಸಿತು, ಕೇಳಲಿಲ್ಲ.

ಚೊಂಬು ಅರ್ಧ ತುಂಬಿತು. ಮಲ್ಲಯ್ಯ ತಾತ ಅಭ್ಯಾಸದಂತೆ ಮುಂದೆ ಬಂದು ಮುಖ ಮೇಲೆತ್ತಿದ. ನಮ್ಮ ಅಕ್ಕ ಹಿರಿಯರಿಗೆ, ಬಂದವರಿಗೆ, ಗಂಡನಿಗೆ, ಮಕ್ಕಳಿಗೆ, ಕೊನೆಗೆ ಕುರಿಗಳಿಗೂ ಕೊಟ್ಟು ಆಮೇಲೆ ತಾನು ಕುಡಿಯುವವಳು. ಅವಳು ಹಾಗಲ್ಲದೆ ಕುಡಿದದ್ದನ್ನು ನಾನು ನೋಡಿಲ್ಲ. ಈ ಮಾತಿಗೆ ಡೈರಿಯ ಸಾಕ್ಷಿ ಬೇಡ.

ಅವಳು ಚೊಂಬು ಎತ್ತಿದಳು. ಒಂದು ಗಳಿಗೆ ತಡೆದಳು.

"ತಡಿ ತಾತ" ಎಂದಳು, ಅವನ ಕಡೆ ನೋಡದೆ. "ಮೊದ್ಲು ನಾನು ಕುಡೀತೀನಿ."

ಎತ್ತಿ, ತುಟಿಗೆ ತಾಗಿಸದೆ, ಗುಟುಕು ಗುಟುಕಾಗಿ ಕುಡಿದಳು. ಅವಳು ಮುಗಿಸುವವರೆಗೆ ತಾತ ಸುಮ್ಮನೆ ಕಾದ. ನಾನೂ ಕಾದೆ.

ಒಬ್ಬ ಹೆಂಗಸು ಮೊದಲು ತಾನು ನೀರು ಕುಡಿಯಲು ಕರುಳು ತೂತು ಬೀಳುವ ಭಯವೇ ಬೇಕಾಯಿತೇ?