ಪ್ರೊಸೆಸರಿಗೆ ಬೀಗ ಹಾಕಿದ್ದು ಯಾರು?

ಗೆಳೆಯರೇ, ನಾವು ದುಡ್ಡು ಕೊಟ್ಟು ತಂದ ಯಂತ್ರ ಎಷ್ಟು ವೇಗವಾಗಿ ಓಡಬೇಕೆಂದು ತೀರ್ಮಾನಿಸುವವರು ಯಾರು? ಇಂದು ಬೆಳಿಗ್ಗೆ ಕಂಪ್ಯೂಟರನ್ನು ಎತ್ತಿಕೊಂಡು ಪುತ್ತೂರಿನ ರಿಪೇರಿ ಅಂಗಡಿಗೆ ಹೋದೆ. ಗೇರುಬೀಜ ಕಾರ್ಖಾನೆಯ ಹೆಂಗಸರು ತಮ್ಮ ಸೆಕೆಯ ಶೆಡ್ಡಿನ ಬಗ್ಗೆ ಆಡಿದ ಮಾತಿನ ವಿಡಿಯೊ ನಾಳೆಯ ನಮ್ಮ ಕಾರ್ಮಿಕ ಸಂಘದ ಸಭೆಗೆ ಸಿದ್ಧವಾಗಬೇಕು. ಮನೆಯಲ್ಲಿ ಕಂಪ್ಯೂಟರು ಆ ಕೆಲಸದ ಅರ್ಧಕ್ಕೇ ತೆವಳತೊಡಗುತ್ತದೆ.

"ಪ್ರೊಸೆಸರಿನ ವೇಗ ಹೆಚ್ಚಿಸಿ ಕೊಡಿ" ಎಂದೆ.

ರಿಪೇರಿಯ ಶಮೀಮಾ ಸೆಟ್ಟಿಂಗುಗಳನ್ನೆಲ್ಲ ಹುಡುಕಿದರು. "ಇದರಲ್ಲಿ ಆಗುದಿಲ್ಲ. ಕಂಪನಿಯವರು ಲಾಕ್ ಮಾಡಿಯೇ ಕಳಿಸುದು."

"ನನ್ನ ಯಂತ್ರಕ್ಕೆ ಅವರ ಬೀಗವೇ? ಇದು ಶುದ್ಧ ಯಜಮಾನಿಕೆ."

"ಭಾಷಣ ಆಮೇಲೆ ಮಾಡಿ. ಇಲ್ಲಿ ಒಂದು ಗಂಟೆ ಹೊತ್ತಿನಿಂದ ನಿಮ್ಮ ವಿಡಿಯೊ ಓಡ್ತಾ ಉಂಟು, ಒಮ್ಮೆಯೂ ನಿಧಾನ ಆಗಲಿಲ್ಲ. ಮನೆಯಲ್ಲಿ ಇದಕ್ಕೆ ಎಂತ ಮಾಡ್ತೀರಿ?"

"ಏನಿಲ್ಲ. ಧೂಳು ಕೂರಬಾರದೆಂದು ಹಳೆಯ ಫ್ಲೆಕ್ಸ್ ಸುತ್ತಿದ್ದೇನೆ."

"ಓಡುವಾಗಲೂ?"

"ಸ್ವಿಚ್ಚಿನ ಹತ್ತಿರ ತೂತು ಉಂಟಲ್ಲ."

ಶಮೀಮಾ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಬಿಸಿ ಹೆಚ್ಚಾದ್ರೆ ಪ್ರೊಸೆಸರ್ ತಾನೇ ವೇಗ ಇಳಿಸ್ತದೆ ಮಾರಾಯ್ರೆ. ಮುಷ್ಕರ ಮಾಡುದು ನಿಮಗೆ ಮಾತ್ರ ಗೊತ್ತಿರುದಾ?"

ಮಧ್ಯಾಹ್ನದ ಹೊತ್ತಿಗೆ ವಿಡಿಯೊ ಅಂಗಡಿಯಲ್ಲೇ ಮುಗಿಯಿತು. ಮನೆಗೆ ಬಂದು ಆ ಫ್ಲೆಕ್ಸನ್ನು ಬಿಡಿಸಿ ನೋಡಿದೆ. ಇದೇ ಹೆಂಗಸರ ಹೋದ ವರ್ಷದ ಮೆರವಣಿಗೆಯದು. ದಪ್ಪ ಅಕ್ಷರದಲ್ಲಿ ನಾನೇ ಬರೆಸಿದ್ದೆ: "ದುಡಿಯುವ ಜಾಗಕ್ಕೆ ಗಾಳಿ ಕೊಡಿ."

ಕಂಪನಿಯ ಬೀಗದ ಮೇಲಿನ ಸಿಟ್ಟು ಹಾಗೆಯೇ ಇದೆ, ಅದನ್ನು ಬಿಡುವುದಿಲ್ಲ. ಆದರೆ ಈ ಒಂದು ಬೇಡಿಕೆಯನ್ನು ಈಡೇರಿಸಬೇಕಾದ ಮಾಲೀಕ ಇಷ್ಟು ದಿನ ನಾನೇ ಆಗಿದ್ದೆ.