ತಲೆ ಮಾತ್ರ ಕೆತ್ತುವ ಮೇಸ್ತ್ರಿ

ಎಡೊ ಪಟ್ಟಣದಲ್ಲಿ ಬಣ್ಣದ ಚಿತ್ರಗಳಿಗೆ ಮರದಚ್ಚು ಕೆತ್ತುವ ಗೆಂಪಾಚಿ ದೊಡ್ಡ ಮೇಸ್ತ್ರಿ. ಚಿತ್ರದ ಸುಂದರಿಯರ ಮುಖ, ಹಣೆಯಂಚಿನ ಒಂದೊಂದು ಕೂದಲೆಳೆ, ಇಷ್ಟೇ ಅವನ ಕೆಲಸ; ಕುತ್ತಿಗೆಯಿಂದ ಕೆಳಗಿನದೆಲ್ಲ ಕೈಕೆಳಗಿನ ಹುಡುಗರ ಪಾಲು. ಮೂವತ್ತು ವರ್ಷ ಕಂಡವರ ಕೂದಲು ಕೆತ್ತಿ ತನ್ನ ತಲೆ ಬೋಳಾದರೂ ಗತ್ತು ಮಾತ್ರ ಉದುರಿರಲಿಲ್ಲ.

ಒಂದು ದಿನ ಹೆಂಡತಿ ಒತೊಸೆ, "ಒಲೆಗೆ ನಾಲ್ಕು ಸೌದೆ ಸೀಳ್ಕೊಡಿ," ಎಂದಳು.

"ನಾನು ತಲೆ ಕೆತ್ತೋನು ಕಣೇ. ಮಿಕ್ಕಿದ್ದೆಲ್ಲ ಹುಡುಗರಿಗೆ ಹೇಳು," ಎಂದವನೇ ಬೀದಿಯ ಬಿಸಿನೀರಿನ ಸ್ನಾನದ ಮನೆಗೆ ಹೊರಟ.

ಹಸಿದು ಬಂದವನ ಮುಂದೆ ಅವಳು ಅನ್ನ ಇಟ್ಟಳು, ಪಕ್ಕದಲ್ಲಿ ಸುಟ್ಟ ಬೂತಾಯಿ ಮೀನಿನ ಆರು ತಲೆ.

"ಇವಕ್ಕೆ ಮೈ ಇರ್ಲಿಲ್ವೇನೇ?"

"ನೀವು ತಲೆಯವರಲ್ವಾ," ಎಂದಳು ಒತೊಸೆ. "ಮಿಕ್ಕಿದ್ದೆಲ್ಲ ಸೌದೆ ಸೀಳಿದ ಹುಡುಗರಿಗೆ ಹಾಕ್ದೆ."